ಐದೇ ಸಲ

ಆಸ್ಪತ್ರೆಯ ನೆಲಮಾಳಿಗೆ, ವಿಕಿರಣ ವಿಭಾಗದ ಬೆಂಚು
ಗುರುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ವಾಕರಿಕೆ ನಿಂತಿತೇ? ಹೊಟ್ಟೆಗೆ ಊಟ ಸೇರುತ್ತಿದೆಯೇ? ಅಪ್ಪನ ಕುತ್ತಿಗೆಯ ಹುಣ್ಣಿನ ಪಟ್ಟಿ ಬಿಚ್ಚಿದ ದಿನ, ಅಂಗಡಿ ತೆರೆಯಬೇಕು ಎಂದು ಓಡಿದವನು ಈ ಕಡೆ ತಲೆ ಹಾಕಿಲ್ಲ, ಅದಕ್ಕೇ ಕೇಳಿದೆ. ನನಗೂ ಅಸಹ್ಯವಾಗುತ್ತದಪ್ಪ, ಸುಳ್ಳೇಕೆ ಹೇಳಲಿ. ಆ ಹುಣ್ಣಿನ ವಾಸನೆ ನನ್ನ ಕೂದಲಿಗೆ, ಬಟ್ಟೆಗೆ, ತಿನ್ನುವ ತುತ್ತಿಗೂ ಅಂಟಿಕೊಂಡಿದೆ. ಅದಕ್ಕಿಂತ ಅಸಹ್ಯ, ನೋಡಲು ಬಂದ ಚಿಕ್ಕಮ್ಮ ಮೂಗಿಗೆ ಕರವಸ್ತ್ರ ಒತ್ತಿಕೊಂಡು "ಮುಖದಲ್ಲಿ ಕಳೆ ಬಂದಿದೆ ಭಾವ" ಎಂದದ್ದು. ಎಲ್ಲಕ್ಕಿಂತ ಅಸಹ್ಯ ನಿನ್ನ ಫೋನು. ಅದಕ್ಕೆ ಆಮೇಲೆ ಬರುತ್ತೇನೆ.

ಮುಖವಾಡದ ಸಂಗತಿ ನಿನಗೆ ಗೊತ್ತಿಲ್ಲ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಅಪ್ಪನ ಮುಖಕ್ಕೆ ಒತ್ತಿ ಅಚ್ಚು ತೆಗೆದಿದ್ದಾರೆ. ಕಿರಣ ಬಿಡುವಾಗ ಅದನ್ನು ತೊಡಿಸಿ, ತಲೆ ಅಲ್ಲಾಡದಂತೆ ಮೇಜಿಗೆ ಬಿಗಿಯುತ್ತಾರೆ. ಗಡ್ಡ ಬೆಳೆದರೆ ಚುಚ್ಚುತ್ತದೆಂದು ದಿನಾ ಬೆಳಿಗ್ಗೆ ನಾನೇ ಮೆಷಿನ್ ಹಿಡಿದು ತೆಗೆಯುತ್ತೇನೆ; ಕತ್ತಿ ತಾಗಿಸಕೂಡದಂತೆ. ನಲವತ್ತು ವರ್ಷ ಊರವರ ಗಡ್ಡ ಹೆರೆದು, ನಿನಗೂ ಕೈಹಿಡಿದು ಕಲಿಸಿದ ಮನುಷ್ಯ, "ಇದು ಕ್ಷೌರ ಅಲ್ಲ ಕಣಮ್ಮಾ, ಹುಲ್ಲು ಕೊಯ್ಯೋದು" ಅನ್ನುತ್ತಾನೆ. ನಾನು ಉಸಿರು ಬಿಗಿಹಿಡಿದೇ ನಗುತ್ತೇನೆ.

ಈಗ ನಿನ್ನ ಫೋನು. ಈ ಐದು ಸಲದ ಕಿರಣ ಗುಣಪಡಿಸಲಿಕ್ಕಲ್ಲ, ನೋವೂ ರಕ್ತವೂ ಕಡಿಮೆಯಾಗಿ ಇರುವಷ್ಟು ದಿನ ಎರಡು ಗುಟುಕು ಇಳಿಯಲೆಂದಷ್ಟೇ ಅಂತ ಡಾಕ್ಟರು ನಮ್ಮಿಬ್ಬರಿಗೂ ಬಿಡಿಸಿ ಹೇಳಿದ್ದರು. ನೀನು ಫೋನಿನಲ್ಲಿ ಅಪ್ಪನಿಗೆ ಹೇಳಿದ್ದೇನು? "ಐದೇ ಸಲ ಅಂದ್ರೆ ಸಣ್ಣ ಕಾಯಿಲೆ ಅಪ್ಪಾ." ಪಕ್ಕದ ಬೆಂಚಿನ ಮೇಷ್ಟ್ರಿಗೆ ಮೂವತ್ತೈದು ಸಲ. ಅವರ ಗಂಟಲು ಗುಣವಾಗುವಂಥದ್ದು, ಅದಕ್ಕೇ ಅಷ್ಟು. ನಿನ್ನೆ ಅಪ್ಪ ಅವರ ಭುಜ ತಟ್ಟಿ, "ಪಾಪ, ನಿಮ್ದು ದೊಡ್ಡದು. ನಂದು ಐದರಲ್ಲೇ ಮುಗಿಯುತ್ತೆ" ಅಂದ. ಮೇಷ್ಟ್ರು "ಹೌದಪ್ಪ, ನೀನು ಪುಣ್ಯವಂತ" ಅಂದು ನೆಲ ನೋಡಿದರು. ನಿನ್ನ ಸುಳ್ಳಿಗೆ ನಾನೂ ತಲೆಯಾಡಿಸಿದ್ದೆನಲ್ಲ, ನನ್ನ ಮೇಲೇ ಹೇಸಿಗೆಯಾಯಿತು.

ಒಳಗೆ ಕರೆಯುತ್ತಿದ್ದಾರೆ. ಇದು ಐದನೆಯದು. ಮೈ ಕಡೆ ಜೋಪಾನ. ಎಷ್ಟೇ ಬೈದರೂ ನೀನು ನಾನು ಎತ್ತಿ ಆಡಿಸಿದ ಕೂಸೇ.

ನಿನ್ನ ಸಿಡುಕಿ ಅಕ್ಕ

ಲಕೋಟೆ ಅಂಟಿಸುವ ಮುಂಚೆ ಇದೊಂದು: ಅಪ್ಪ ಕೆನ್ನೆ ತುಂಬ ಜಾಲರಿಯ ಗುರುತು ಹೊತ್ತು ಹೊರಬಂದ. ನನ್ನ ಕೈ ಹಿಡಿದು ಹೇಳಿದ: "ಐದೇ ಯಾಕೆ ಅಂತ ಮೊದಲ ದಿನಾನೇ ಮೇಷ್ಟ್ರ ಹತ್ರ ಕೇಳಿ ತಿಳ್ಕೊಂಡೆ. ನಿನ್ನೆ ಹಾಗಂದಿದ್ದು ನಿನಗೋಸ್ಕರ. ಅವನಿಗೂ ಹೇಳು, ಇನ್ನು ಸುಳ್ಳು ಹೇಳೋ ಕಷ್ಟ ಬೇಡ. ಮುಂದಿನ ಕ್ಷೌರ ಅವನೇ ಬಂದು ಮಾಡ್ಲಿ. ಮೂಗು ಮುಚ್ಕೊಂಡೇ ಬರ್ಲಿ, ನಾನೇನೂ ಅಂದ್ಕೊಳ್ಳಲ್ಲ."