ಇವತ್ತ ಯಾವ ರಾಜಾ ಸತ್ತ?

ಅಪ್ಪಾ,

ಹೋದ ಭಾನುವಾರ ನಾನು ಬೀದರಿನ ಕಿಲ್ಲೆಗೆ ಹೋಗಿದ್ದೆ. ನೀನು ತೀರಿಕೊಂಡು ತಿಂಗಳೂ ತುಂಬಿಲ್ಲ, ಮಗಳು ಕಿಲ್ಲೆ ನೋಡಿ ಬಂದಿದ್ದಾಳೆ. ಅದೂ ಸುಳ್ಳು ಹೇಳಿ. ನಿನ್ನ ಮಣ್ಣಿಗೆಂದು ಭಾಲ್ಕಿಯಿಂದ ಬಂದ ನಿನ್ನ ಅಕ್ಕ ಇನ್ನೂ ನಮ್ಮ ಮನೆಯಲ್ಲೇ ಇದ್ದಾಳೆ. ಬಾಗಿಲಲ್ಲಿ ಕೂತು ಯಾರು ಹೊರಗೆ ಹೋದರು, ಯಾರು ನಕ್ಕರು ಎಂದು ನೋಡುತ್ತಿರುತ್ತಾಳೆ. ತಮ್ಮನನ್ನು ಕಳೆದುಕೊಂಡವಳ ಸಂಕಟವೂ ಸುಳ್ಳಲ್ಲ ಬಿಡು. ಅವ್ವನಂತೂ ಹೊಸ್ತಿಲು ದಾಟುವ ಹಾಗೇ ಇಲ್ಲ. "ಸೂಟಿ ದಿನ ಎಲ್ಲಿಗಿ ಹೊಂಟೀವಾ?" ಅಂತ ಅತ್ತೆ ಕೇಳಿದಾಗ, "ಬೀದರದಾಗ ಸಾಲಿ ಕೆಲಸ ಅದ ಅತ್ತಿ" ಅಂದೆ. ದಿನಾ ಮಕ್ಕಳಿಗೆ ಇತಿಹಾಸ ಪಾಠ ಮಾಡುವವಳು, ಕಣ್ಣು ಕೂಡ ಮಿಟುಕಿಸಲಿಲ್ಲ.

ನಿನ್ನ ಬಸ್ಸು ನೆನಪಾಗುತ್ತದೆ. ನನಗೆ ಸೂಟಿ ಇದ್ದಾಗ ಬೆಳಿಗ್ಗೆ ಔರಾದದಿಂದ ನಿನ್ನ ಬಸ್ಸಿನಲ್ಲೇ ಹೋಗಿ, ಕಿಲ್ಲೆ, ಮದರಸಾ, ಬಹಮನಿ ರಾಜರ ಗೋರಿಗಳಿರುವ ಅಷ್ಟೂರಿನ ಗುಂಬಜ್ ಅಂತ ಸುತ್ತಾಡಿ, ಸಂಜೆ ನಿನ್ನ ಕೊನೆಯ ಟ್ರಿಪ್ಪಿಗೆ ಸ್ಟ್ಯಾಂಡಿಗೆ ಬರುತ್ತಿದ್ದೆ. ನಾನು ಹತ್ತುತ್ತಲೇ ನೀನು ಸ್ಟೇರಿಂಗ್ ಹಿಡಿದುಕೊಂಡು ಕನ್ನಡಿಯಲ್ಲಿ ನೋಡಿ ಕೇಳುತ್ತಿದ್ದ ಮಾತು ಒಂದೇ. "ಬಾ ತಾಯಿ, ಇವತ್ತ ಯಾವ ರಾಜಾ ಸತ್ತ?" ಚಾಲಕರೊಂದಿಗೆ ಮಾತನಾಡಬಾರದು ಎಂದು ಬರೆದಿದ್ದರ ಕೆಳಗೇ ಕೂತು ಔರಾದ ಬರುವ ತನಕ ನಾನು ಮಾತಾಡುತ್ತಿದ್ದೆ. ನೀನು ಮಾತ್ರ ಒಂದು ದಿನವೂ ಕಿಲ್ಲೆಯ ಒಳಗೆ ಬರಲಿಲ್ಲ. ಕರೆದರೆ, "ನೀ ಹೇಳ್ತಿ ಅಲಾ, ಮತ್ತ ನೋಡೂದೇನದ?" ನನ್ನ ಮಾತು ನಿನಗೆ ನಿಜವಾಗಿ ಬೇಕಿತ್ತೋ, ಇಲ್ಲಾ ದಾರಿ ಸಾಗಲಿ ಅಂತ...

ಈಗ ದೊಡ್ಡ ತಪ್ಪಿಗೆ ಬರುತ್ತೇನೆ. ರಾಜರು ಸ್ನಾನ ಮಾಡುತ್ತಿದ್ದ ಹಳೆಯ ಹಮಾಮಿನೊಳಗಿನ ಮ್ಯೂಸಿಯಂ ನೋಡಿಕೊಂಡು ಹೋಗಿ, ಗುಂಡು ಹಾರಿಸುವ ಒಂದು ದೊಡ್ಡ ತೋಪಿನ ಹತ್ತಿರ ನಿಂತಿದ್ದೆ. ಪಕ್ಕದಲ್ಲೊಬ್ಬ ಗಂಡ ಭಾರಿ ಗತ್ತಿನಿಂದ ಹೆಂಡತಿಗೆ ಹೇಳುತ್ತಿದ್ದ, "ಗರ್ಮೀ ಮೇ ರಾಜಾ ಇಸ್ಮೇಚ್ ಸೋತಾ ಥಾ." ಬೇಸಿಗೆಯಲ್ಲಿ ರಾಜ ಆ ತೋಪಿನೊಳಗೇ ಮಲಗುತ್ತಿದ್ದನಂತೆ! ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಂಜೆ ಇದನ್ನು ಅಪ್ಪನಿಗೆ ಹೇಳಬೇಕು ಅಂದುಕೊಂಡೆ. ಅದೇ ಖುಷಿಯಲ್ಲಿ ರಂಗೀನ್ ಮಹಲಿಗೆ ಹೋದೆ, ಹೊರಗೆ ಬಂದು ಐಸ್‌ಕ್ಯಾಂಡಿ ತಿಂದೆ. ನೀನು ಇಲ್ಲ ಅನ್ನುವುದೇ ನನಗೆ ಮರೆತು ಹೋಗಿತ್ತು ಅಪ್ಪಾ. ಇಡೀ ಮಧ್ಯಾಹ್ನ. ಅಪ್ಪ ಸತ್ತದ್ದನ್ನು ಮರೆಯುವ ಮಗಳೂ ಇರುತ್ತಾಳೆಯೇ?

ಸಂಜೆ ಔರಾದದ ಬಸ್ಸು ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಕನ್ನಡಿ ನೋಡಿದೆ. ಯಾರೋ ಹೊಸಬ. "ಏನ್ರಿ ಅಕ್ಕಾರ, ಏನರ ಕೇಳೂದದೇನ್ರಿ?" ಅಂದ. ಏನಿಲ್ಲ ಅಂದೆ. ಆಮೇಲೆ ಮಾಂಜ್ರಾ ಹೊಳೆ ದಾಟಿದ್ದು, ಸಂತಪುರ ಬಂದದ್ದು ಒಂದೂ ಕಾಣಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಊರು ಸೇರಿದೆ.

ಮರುದಿನ ಅವ್ವ ನನ್ನ ಸೀರೆ ಒಗೆಯಲು ಎತ್ತಿಕೊಂಡಳು. ನಮ್ಮ ಊರಿನದು ಕಪ್ಪು ಎರೆಮಣ್ಣು. ಸೀರೆಯಂಚಿಗೆ ಹತ್ತಿದ್ದು ಕೆಂಪು. ಇಷ್ಟು ವರ್ಷ ಅದನ್ನೇ ಒಗೆದವಳಿಗೆ ಅದು ಎಲ್ಲಿಯ ಮಣ್ಣೆಂದು ಯಾರಾದರೂ ಹೇಳಬೇಕೆ? ಅತ್ತೆಯ ಕಣ್ಣಿಗೆ ಬೀಳುವ ಮೊದಲೇ ಬಕೆಟ್ಟಿನಲ್ಲಿ ಅದ್ದಿಬಿಟ್ಟಳು. ಆಮೇಲೆ ಅಡಿಗೆ ಮನೆಗೆ ಬಂದು ಮೆಲ್ಲಗೆ ಕೇಳಿದಳು.

"ಕಿಲ್ಲೇಕ ಹೋಗಿದ್ದಿ?"

"ಹೌದವಾ. ತಪ್ಪಾತು."

"ತಪ್ಪಿನ ಮಾತಿರಲಿ. ನಿನ್ನಿ ಬಂದಾಗಿಂದ ಬಾಯಿ ಯಾಕ ಬಿಚ್ಚವಲ್ಲಿ? ನಿಮ್ಮಪ್ಪ ಇದ್ದಿದ್ರ ಉಂಡು ಏಳೂದ್ರೊಳಗ ಎಲ್ಲಾ ಹೇಳ್ತಿದ್ದ. ಈಗ ನೀನೂ ಹೇಳಲಿಲ್ಲಂದ್ರ ನನಗ ಯಾರು ಹೇಳ್ಬೇಕು?"

ನನಗೆ ಗೊತ್ತೇ ಇರಲಿಲ್ಲ ಅಪ್ಪಾ. ನಾನು ಬಸ್ಸಿನಲ್ಲಿ ಹೇಳಿದ್ದನ್ನೆಲ್ಲ ನೀನು ಊಟಕ್ಕೆ ಕೂತು ಅವ್ವನಿಗೆ ಒಪ್ಪಿಸುತ್ತಿದ್ದೆಯಂತೆ. ನಾನು ಪಕ್ಕದ ಕೋಣೆಯಲ್ಲೇ ಇರುತ್ತಿದ್ದೆನಲ್ಲ, ಅವ್ವನಿಗೂ ಹೇಳಬೇಕು ಅಂತ ಒಮ್ಮೆಯೂ ಯಾಕೆ ಅನ್ನಿಸಲಿಲ್ಲ? ರೊಟ್ಟಿ ಬಡಿಯುವವಳಿಗೆ ಬಹಮನಿಯವರು ಯಾಕೆ ಬೇಕು ಅಂದುಕೊಂಡಿದ್ದೆನೋ ಏನೋ. ಬರೆಯಲು ನಾಚಿಕೆಯಾಗುತ್ತದೆ.

ರಂಗೀನ್ ಮಹಲಿನ ಗೋಡೆಯಲ್ಲಿರುವ ಮುತ್ತಿನ ಚಿಪ್ಪಿನ ಕತೆಯನ್ನು ಅವ್ವನೇ ನನಗೆ ಹೇಳಿದಳು. "ರಾಣಿ ಸಮುದ್ರದ ದಂಡಿ ಊರಾಕಿ ಅಂತ. ಇಲ್ಲಿಗಿ ಬಂದ ಮ್ಯಾಲ ತವರ ನೆನಸಿ ಅಳ್ತಿದ್ಲಂತ. ಅದಕ್ಕ ರಾಜಾ ಕರಿ ಕಲ್ಲಿನಾಗ ಚಿಪ್ಪು ಕೂಡಿಸಿಕೊಟ್ಟ." ಕರಿಕಲ್ಲಿನಲ್ಲಿ ಚಿಪ್ಪನ್ನು ಹೇಗೆ ಕೂರಿಸುತ್ತಾರೆ ಅಂತ ನಾನು ಹೇಳಿದ್ದೆ, ಅಷ್ಟೆ. ಆ ರಾಣಿಯನ್ನು ನೀನು ಯಾವ ಸ್ಟಾಪಿನಲ್ಲಿ ಹತ್ತಿಸಿಕೊಂಡೆ? ನನ್ನ ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ನಿನಗೆ ಗೊತ್ತಿಲ್ಲದ ಸುದ್ದಿ ಈಗ ಕೇಳು. ಬರುವ ಭಾನುವಾರ ಅವ್ವ ನನ್ನ ಜೊತೆ ಕಿಲ್ಲೆಗೆ ಬರುತ್ತಿದ್ದಾಳೆ. ಅತ್ತೆಗೆ ತಾನೇ ಹೇಳಿದಳು, "ಮಗಳ ಜೋಡಿ ಬೀದರಕ್ಕ ಹೋಗ್ತೇನಿ. ಸಾಲಿ ಕೆಲಸ ಅದ."

"ಸಾಲಿ ಮಾರಿ ನೋಡದಾಕಿ ನೀ, ನಿಂದೆಂಥಾ ಸಾಲಿ ಕೆಲಸ?"

"ಅದಕ್ಕೇ ಹೊಂಟೀನಿ" ಅಂದಳು ಅವ್ವ.

ಅತ್ತೆ ಎರಡು ದಿನದಿಂದ ನಮ್ಮಿಬ್ಬರ ಜೊತೆಯೂ ಮಾತು ಬಿಟ್ಟಿದ್ದಾಳೆ. ಓಣಿಯ ಮಂದಿಯೂ ಆಡಿಕೊಳ್ಳುತ್ತಾರೆ. ಆ ತಪ್ಪೂ ನನ್ನ ತಲೆಯ ಮೇಲೇ ಇರಲಿ.

ರಂಗೀನ್ ಮಹಲಿನ ಗೋಡೆಯ ಮುಂದೆ ನಿಂತ ಕೂಡಲೇ ಅವ್ವ ಆ ರಾಣಿಯ ಮಾತು ತೆಗೆಯುತ್ತಾಳೆ, ನನಗೆ ಗೊತ್ತು. ನಾನು ತಿದ್ದುವುದಿಲ್ಲ ಅಪ್ಪಾ, ನಿನ್ನಾಣೆ. "ಹೌದವಾ, ಅಪ್ಪ ಹೇಳಿದ್ದೇ ಖರೆ" ಅನ್ನುತ್ತೇನೆ.

ನಿನ್ನ ಹಿಂದಿನ ಸೀಟಿನ
ಟೀಚರ್ ಮಗಳು