ಅಪ್ಪ ಹಿಡಿದ ಕೊಲೆಗಾರ

ಶುಬ್ರಾ, ಕೈರೋ
ರಂಜಾನ್ ಇಪ್ಪತ್ತಮೂರು

ನನ್ನ ಕಣ್ಣಿನ ಬೆಳಕೇ, ಮಗನೇ ವಜೀಹ್,

ಹೇಗಿದ್ದೀಯ? ಬೈರೂತಿನ ಆ ಶೂಟಿಂಗ್ ಗಡಿಬಿಡಿಯಲ್ಲಿ ಉಪವಾಸ ಬಿಡುವ ಹೊತ್ತಿಗೆ ಒಂದು ಬಟ್ಟಲು ಬಿಸಿ ಬೇಳೆಸಾರಾದರೂ ಸಿಗುತ್ತಿದೆಯೇ, ಇಲ್ಲ ಸಿಗರೇಟಿನಲ್ಲೇ ಉಪವಾಸ ಬಿಡುತ್ತೀಯಾ? ಸುಳ್ಳು ಹೇಳಬೇಡ, ಫೋನಿನಲ್ಲಿ ನಿನ್ನ ಕೆಮ್ಮು ಕೇಳಿಸಿಕೊಂಡಿದ್ದೇನೆ. ನನ್ನ ಮಂಡಿನೋವು ಇದ್ದಲ್ಲೇ ಇದೆ. ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನಿನ್ನನ್ನು ಯಾರಾದರೂ ಕರೆದುಬಿಡುತ್ತಾರೆ, ಅದಕ್ಕೇ ಈ ಕಾಗದ. ರಜೆಗೆ ಬಂದ ನಿಮ್ಮ ಮೇಕಪ್ಪಿನ ಸುಆದ್ ನಾಳೆ ಬೆಳಿಗ್ಗೆ ಅಲ್ಲಿಗೆ ವಾಪಸು ಹೊರಡುತ್ತಾಳಂತೆ, ಅವಳ ಕೈಗೆ ಕೊಡುತ್ತೇನೆ.

ಅಪ್ಪನ ಪತ್ತೇದಾರಿ ಪುಸ್ತಕಗಳಿಂದ ನೀನು ಬರೆದ ಧಾರಾವಾಹಿಗೆ ಇಡೀ ಬೀದಿ ಮರುಳಾಗಿದೆ. ಇಫ್ತಾರಿನ ತೋಪು ಹಾರಿ, ಊಟ ಮುಗಿಯುವಷ್ಟರಲ್ಲಿ ಎಲ್ಲ ಕಿಟಕಿಗಳಿಂದಲೂ ಇನ್ಸ್‌ಪೆಕ್ಟರ್ ಶಾಕಿರ್‌ನದೇ ದನಿ. ಮೊನ್ನೆ ಮೇಲಿನ ಮನೆಯ ಇನ್ಸಾಫಳಿಗೆ ಸಿಹಿ ಕೊಡಲು ಹೋಗುವಾಗ ಅವನ ಮಾತು ಕೆಳಮನೆಯಲ್ಲಿ ಶುರುವಾಗಿ, ಮಹಡಿ ಮಹಡಿಯಲ್ಲೂ ನನ್ನ ಜೊತೆಗೇ ಹತ್ತಿ, ಅವಳ ಬಾಗಿಲ ಹತ್ತಿರ ಮುಗಿಯಿತು. ನಲವತ್ತು ವರ್ಷದ ಹಿಂದೆ ಅದೇ ಮಾತನ್ನು ನಿನ್ನ ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಬರೆದು ಓದಿ ಹೇಳುತ್ತಿದ್ದರು, ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ. ಯಾವ ಕಾಲದಲ್ಲಿದ್ದೇನೆಂದೇ ತಿಳಿಯದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಿಹಿ ತಣ್ಣಗಾಯಿತು.

ಅಪ್ಪನಿಗೆ ಮಾತ್ರ ಅದೊಂದೂ ನೆನಪಿಲ್ಲ ಕಂದಾ. ನೀನು ಹೊರಟ ಮೇಲೆ ಮರೆವು ಇನ್ನೂ ಹೆಚ್ಚಾಗಿದೆ. ಪರದೆಯ ಮೇಲೆ ತಮ್ಮ ಹೆಸರೇ ಬಂದರೂ, "ಯಾರೇ ಇವನು, ಚೆನ್ನಾಗಿ ಬರೀತಾನೆ" ಅನ್ನುತ್ತಾರೆ. "ನನ್ನ ಗಂಡ ಕಣ್ರೀ" ಅಂದರೆ, "ಪುಣ್ಯವಂತ ಬಿಡು" ಎಂದು ನಗುತ್ತಾರೆ. ಆದರೂ ಪತ್ತೇದಾರಿಕೆ ಬಿಟ್ಟಿಲ್ಲ. ಮೊದಲ ಹತ್ತು ಕಂತಿನ ಕಥೆಯಲ್ಲಿ ಮೂರನೆಯ ದಿನವೇ, "ಔಷಧಿ ಅಂಗಡಿಯವನೇ ಕಣೇ, ಬರೆದಿಟ್ಕೋ" ಅಂದರು. ಪುಸ್ತಕದಲ್ಲಿ ಅವನೇ. ನೀನು ಕೊಲೆಯಾದ ಮನೆಯ ಸೊಸೆಯನ್ನು ಹಿಡಿಸಿದೆ. ಎರಡನೆಯ ಕಥೆಯಲ್ಲಿ ವಕೀಲ ಅಂದರು, ಪುಸ್ತಕದಲ್ಲೂ ವಕೀಲನೇ. ನೀನು ಅವನ ತಮ್ಮನಿಗೆ ಬೇಡಿ ಹಾಕಿಸಿದೆ. ಎಲ್ಲರೂ ಓದಿರುವ ಪುಸ್ತಕ, ಕೊನೆ ಬದಲಿಸದಿದ್ದರೆ ಯಾರು ನೋಡುತ್ತಾರೆ ಎಂದು ನಿರ್ಮಾಪಕರು ಹಟ ಹಿಡಿದರೆಂದು ನೀನು ಹೇಳಿದ್ದೆ, ಇರಲಿ. ಆದರೆ ಅವತ್ತು ಅಪ್ಪ ತಟ್ಟೆ ಸರಿಸಿ, "ನನ್ನ ತಲೆ ಮುಗೀತು ಬಸೀಮಾ, ಇಷ್ಟು ಸುಲಭದ್ದೂ ತಿಳೀತಿಲ್ಲ" ಎಂದರು. ಮರುದಿನ ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು ಕೂತರು. ತಪ್ಪು ನಿಮ್ಮದಲ್ಲ, ನಿಮ್ಮ ಮಗನದು ಎಂದೆ. ಅವರಿಗೆ ನೀನಿನ್ನೂ ಶಾಲೆಗೆ ಹೋಗುವ ಹುಡುಗ, "ಪಾಪ, ಅವನಿಗೇನು ಗೊತ್ತು" ಎಂದರು.

ನಿನ್ನೆ ಗೋಗರೆದು ಮತ್ತೆ ಟಿವಿಯ ಮುಂದೆ ಕೂರಿಸಿದೆ. ಮೂರನೆಯ ಕಥೆಯ ಎರಡನೆಯ ಕಂತು. ಆ ನೀಲಿ ಬೆಳಕಿನಲ್ಲಿ ಅವರ ಮುಖ ನಮ್ಮ ಮದುವೆಯ ವರ್ಷ ಇದ್ದ ಹಾಗೇ ಇತ್ತು, ನಾನು ಕಥೆ ಬಿಟ್ಟು ಅದನ್ನೇ ನೋಡುತ್ತಿದ್ದೆ. ಮುಗಿಯುವಾಗ ನನ್ನ ಕೈ ಹಿಡಿದು ಗುಟ್ಟಾಗಿ ಅಂದರು: "ಗಡಿಯಾರ ರಿಪೇರಿಯವನು. ಯಾರಿಗೂ ಹೇಳ್ಬೇಡ, ಮತ್ತೆ ತಪ್ಪಾದ್ರೆ ನಗ್ತಾರೆ."

ಇನ್ಸಾಫ್ ಸಲಾಂ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ತಿನ್ನು. ಅಲ್ಲಾಹನು ನಿನ್ನ ಲೇಖನಿಗೂ ಎದೆಗೂ ಬಲ ಕೊಡಲಿ.

ನಿನ್ನ ತಾಯಿ
ಬಸೀಮಾ

ಇನ್ನೊಂದು ಮಾತು: ಕೊನೆಯ ಎರಡು ಕಂತು ಇನ್ನೂ ಶೂಟಿಂಗ್ ಆಗಿಲ್ಲವೆಂದು ಸುಆದ್ ಬಾಯಿಬಿಟ್ಟಳು. ಯಾವ ರಂಜಾನಿನಲ್ಲಿ ತಾನೇ ನಿಮ್ಮ ಕೆಲಸ ಹಬ್ಬದ ಹಿಂದಿನ ದಿನಕ್ಕೆ ಮೊದಲು ಮುಗಿದಿದೆ! ಪುಸ್ತಕದಲ್ಲಿದ್ದ ಹಾಗೆ ಗಡಿಯಾರ ರಿಪೇರಿಯವನನ್ನೇ ಹಿಡಿಸು. ನಿರ್ಮಾಪಕರು ಕೂಗಾಡಿದರೆ ಪುಸ್ತಕ ಬರೆದವರ ಹೆಂಡತಿಯ ಅಪ್ಪಣೆ ಅನ್ನು. ನಮಗೆ ಮೊದಲೇ ಗೊತ್ತಿತ್ತು ಎಂದು ಊರೆಲ್ಲ ಮೂಗು ಮುರಿಯಲಿ. ಏನೂ ನೆನಪಿಲ್ಲದೆಯೂ ಸರಿಯಾಗಿ ಹೇಳಿದವರು ಈ ಮನೆಯಲ್ಲಿ ಒಬ್ಬರಿದ್ದಾರೆ, ಅವರು ಒಂದು ಸಲ ಗೆಲ್ಲಲಿ ಮಗನೇ.