ಕಡಲಿನಿಂದ ಬರುವವರಿಗೊಂದು ಹಂದಿಮರಿ

ತೀಖಯಾ ಕೊಲ್ಲಿ, ಬ್ಯಾರೆಂಟ್ಸ್ ಕಡಲತೀರ
೧೯ ಜನವರಿ ೧೯೮೮

ನನ್ನ ಕಂದ ರೋದಿಯೋನ್,

ಚೆನ್ನಾಗಿದ್ದೀಯಾ? ಬೆನ್ನುನೋವು ಹೇಗಿದೆ? ಜಲಾಂತರ್ಗಾಮಿಯಲ್ಲಿ, ನೀರಿನ ಕೆಳಗೆ, ನಿದ್ದೆಯಾದರೂ ಸರಿಯಾಗಿ ಬರುತ್ತದೆಯೇ? ನೀನಿರುವಲ್ಲಿಗೆ ಅಂಚೆಯವನು ಬರುವುದಿಲ್ಲವೆಂದು ಗೊತ್ತು. ಆದರೂ ಬರೆದು ಹಿಟ್ಟಿನ ಡಬ್ಬದ ಹಿಂದೆ ಇಡುತ್ತೇನೆ, ಬಂದಮೇಲೆ ಓದಿಕೋ. ಯಾರೂ ಒಡೆದು ನೋಡದ ಕಾಗದವಾದ್ದರಿಂದ ಬಾಯಿಬಿಟ್ಟೇ ಬರೆಯುತ್ತೇನೆ. ಇಲ್ಲಿ ನವೆಂಬರಿನಲ್ಲಿ ಮುಳುಗಿದ ಸೂರ್ಯ ಇನ್ನೂ ಎದ್ದಿಲ್ಲ, ಸೋಮಾರಿ. ಮಧ್ಯಾಹ್ನ ಮಾತ್ರ ಗುಡ್ಡದ ಹಿಂದೆ ತುಸು ನೀಲಿ ಬೆಳಕು ಹರಡುತ್ತದೆ. ಆಗ ಹಿಮ, ಕಡಲು, ಹಂದಿದೊಡ್ಡಿಯ ಚಾವಣಿ ಎಲ್ಲವೂ ನೀಲಿಯಾಗಿ, ನಾನೂ ನಿನ್ನ ಹಾಗೆ ನೀರಿನೊಳಗೇ ಓಡಾಡುತ್ತಿದ್ದೇನೆ ಅನ್ನಿಸುತ್ತದೆ. ಎದುರಿಗೆ ಸಿಕ್ಕವರು ಮೀನುಗಳಂತೆ ಸದ್ದಿಲ್ಲದೆ ಸರಿದುಹೋಗುತ್ತಾರೆ.

ನಿನ್ನ ಅಣ್ಣಂದಿರು ಕ್ಷೇಮ. ಯೆಫೀಮ್ ಸೈಬೀರಿಯಾದ ಕಾಡಿನಲ್ಲಿ ಕ್ಷಿಪಣಿ ಹೊತ್ತ ಲಾರಿಯನ್ನು ಮರಗಳ ನಡುವೆ ಬಚ್ಚಿಡುತ್ತಾ ತಿರುಗುತ್ತಿದ್ದಾನೆ. ಉಣ್ಣೆಯ ಕಾಲುಚೀಲ ಕಳಿಸು ಎಂದಿದ್ದಾನೆ. ಬಾಂಬರ್ ವಿಮಾನದ ಸದ್ದಿಗೆ ಅರ್ಸೇನಿಯ ಕಿವಿ ಮಂದವಾಗಿದೆ, ಹೆಂಡತಿ ಬೈದದ್ದು ಕೇಳಿಸುವುದಿಲ್ಲವೆಂದು ಅವನಿಗೆ ಖುಷಿ. ನೆಲಕ್ಕೊಬ್ಬ, ಆಕಾಶಕ್ಕೊಬ್ಬ, ನೀರಿಗೊಬ್ಬ. "ಏನೇ ಅಗ್ರಫೇನಾ, ದೇಶದ ಅಣುಬಾಂಬೆಲ್ಲ ನಿನ್ ಹೊಟ್ಟೇಲೇ ಹುಟ್ತಲ್ಲೇ!" ಎಂದು ಪಕ್ಕದ ಮನೆಯ ಕ್ಲಾವ್ದಿಯಾ ರೇಗಿಸುತ್ತಾಳೆ. "ಹೂಂ ಕಣೇ, ಮೂವರ ಮೂಗು ಒರೆಸಿದ್ದೂ ನಾನೇ" ಅನ್ನುತ್ತೇನೆ. ಒಂದು ಕಡೆಯದು ಸುಟ್ಟುಹೋದರೂ ಇನ್ನೆರಡು ಉಳಿಯಲಿ ಎಂದು ಹೀಗೆ ಮೂರು ಕಡೆ ಇಡುತ್ತಾರಂತೆ. ದೊಡ್ಡವರ ಲೆಕ್ಕ ಅದು. ಒಬ್ಬ ಹೋದರೂ ಇಬ್ಬರಿದ್ದಾರೆ ಅನ್ನುವ ತಾಯಿ ಎಲ್ಲಾದರೂ ಉಂಟೇ? ನನಗೆ ನೀವು ಮೂವರೂ ಬೇಕು.

ಜಲಾಂತರ್ಗಾಮಿ ಯಾವಾಗ ಬರುತ್ತದೆಂಬುದು ಇಲ್ಲಿ ದೊಡ್ಡ ಗುಟ್ಟು. ಆದರೆ ಪದ್ಧತಿಯಂತೆ ಬಂದ ಹಡಗಿಗೊಂದು ಹುರಿದ ಹಂದಿಮರಿ ಕೊಟ್ಟು ಎದುರುಗೊಳ್ಳಬೇಕಲ್ಲ, ಹಾಗಾಗಿ ನೌಕಾಪಡೆಯ ಹಂದಿ ಸಾಕುವ ನನಗೆ ಎಲ್ಲರಿಗಿಂತ ಮೊದಲೇ ಗೊತ್ತಾಗುತ್ತದೆ. ಈಗ ನಮ್ಮ ಕೊಲ್ಲಿಯಿಂದ ಹೋಗಿ ಇನ್ನೂ ಬಾರದ ಹಡಗು ಎರಡು, ನಿನ್ನದೊಂದು, ಇನ್ನೊಂದು. ನೀನು ಹೊಸ ವರ್ಷಕ್ಕೆ ಮುಂಚೆಯೇ ಬರಬೇಕಿತ್ತು. ನಿನಗೆಂದು ತೆಗೆದಿಟ್ಟಿದ್ದ ಮರಿ ಕಾದು ಕಾದು ದೊಡ್ಡ ಹಂದಿಯೇ ಆಯಿತು. ಈಗಿನದು ಎರಡನೆಯದು. ನಿನ್ನ ಹೆಂಡತಿ ತಾಯ್ಸಿಯಾ ಆಸ್ಪತ್ರೆಯ ಕೆಲಸಕ್ಕೆ ಹೋದಾಗ ನಿನ್ನ ಮಗಳು ಉಲ್ಯಾನಾ ನನ್ನ ಜೊತೆ ದೊಡ್ಡಿಗೆ ಬರುತ್ತಾಳೆ. "ಈ ಮರಿ ಹೋದ ದಿನ ನಿಮ್ಮಪ್ಪ ಬರ್ತಾನೆ" ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅವಳು ಅದಕ್ಕೆ ಬುಬ್ಲಿಕ್ ಎಂದು ಹೆಸರಿಟ್ಟಳು. ಹೆಸರಿಟ್ಟ ಮರಿ ಗಂಟಲಲ್ಲಿ ಇಳಿಯುವುದಿಲ್ಲ, ಹೆಸರಿಡಬಾರದು ಎಂದು ನಾವು ದೊಡ್ಡಿಯವರು ಎಷ್ಟು ಹೇಳಿದರೂ ಕೇಳಲಿಲ್ಲ. ತಬ್ಬಿಕೊಂಡೇ ಇರುತ್ತಾಳೆ. ಮೊನ್ನೆ ಮಾತ್ರ, "ಅಜ್ಜೀ, ಇದಕ್ಕೆ ಕಮ್ಮಿ ಹಾಕು. ಇದೂ ದೊಡ್ಡದಾಗ್ಬಿಟ್ರೆ ಅಪ್ಪ ಹೆಂಗ್ ಬರ್ತಾನೆ?" ಅಂದಳು. ನಾನು ಬಕೆಟ್ಟು ಹಿಡಿದು ಹೊರಗೆ ಹೋಗಿ ಅತ್ತುಬಿಟ್ಟೆ.

ಕಡಲು ನಿನ್ನನ್ನು ಮೆತ್ತಗೆ ಹೊತ್ತು ತರಲಿ. ತಾಯ್ಸಿಯಾ ಮುತ್ತು ಕಳಿಸಿದ್ದಾಳೆ.

ನಿನ್ನ ಅಮ್ಮ,
ಅಗ್ರಫೇನಾ

ಮತ್ತೆ: ಕಾಗದ ಮಡಿಸುವಷ್ಟರಲ್ಲಿ ನೌಕಾಪಡೆಯ ಉಗ್ರಾಣದವರ ಗಾಡಿ ದೊಡ್ಡಿಗೆ ಬಂತು. "ಒಂದ್ ಮರಿ ಬೇಕಿತ್ತಮ್ಮ" ಅಂದರು. ಯಾವ ಹಡಗಿಗೆ ಎಂದು ಕೇಳುವಂತಿಲ್ಲ. ಉಲ್ಯಾನಾ ತಾನೇ ಬುಬ್ಲಿಕ್‌ನನ್ನು ಎತ್ತಿ ಅವರ ಕೈಗೆ ಕೊಟ್ಟಳು. ಅಳಲಿಲ್ಲ. ಈಗ ಕೋಟು, ಟೋಪಿ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಾಳೆ. ಕಡಲಿನಲ್ಲಿರುವುದು ಎರಡು ಹಡಗು ಎಂದು ನಾನು ಅವಳಿಗೆ ಹೇಳಿಲ್ಲ.